ಹೋಗಿ ಬಾ ಎಂಬ ಬಿಡಿಭಾಗ

ಆ ಕಂಪನಿಯ ಕಾರಿಗೆ ಜನ ಇಟ್ಟ ಹೆಸರು ಮಾವನ ಗಾಡಿ. ಕಂಪನಿಯವರು ಇಟ್ಟದ್ದು ಯಾವುದೋ ಹಾರುವ ಹಕ್ಕಿಯ ಹೆಸರು. ಅದನ್ನು ಷೋರೂಮಿನಲ್ಲಿ ಮಾರುವವರು ಬಿಟ್ಟರೆ ಬೇರೆ ಯಾರೂ ಬಾಯಿಗೆ ತಂದದ್ದಿಲ್ಲ. ಅಳಿಯನ ಎದುರು ಮಾವನಾದವನು ಹೇಗೆ ನಡೆದುಕೊಳ್ಳಬೇಕೋ ಆ ಗಾಡಿ ಹಾಗೆ ನಡೆದುಕೊಳ್ಳುತ್ತಿತ್ತು. ಅವಸರವಿಲ್ಲ, ಸದ್ದಿಲ್ಲ, ಯಾರನ್ನೂ ಹಿಂದೆ ಹಾಕುವ ಹಂಬಲವಿಲ್ಲ. ಬೆಲ್ಟು ಕಟ್ಟಿಕೊಳ್ಳದಿದ್ದರೆ ಕಟ್ಟಿಕೊಳ್ಳುವವರೆಗೂ ಗಂಟೆ ಬಾರಿಸಿ ಬುದ್ಧಿ ಹೇಳುತ್ತಿತ್ತು. ಮಾವಂದಿರು ಕೊಂಡರು, ಮಾವಂದಿರಾಗುವ ವಯಸ್ಸಿನವರು ಕೊಂಡರು. ಹುಡುಗರು ಮಾತ್ರ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲೂ ಒಪ್ಪಲಿಲ್ಲ.

ಈ ಅವಮಾನ ತಾಳಲಾರದೆ ಕಂಪನಿಯ ಯಜಮಾನರು ಒಂದು ದಿನ ಡ್ರ್ಯಾಗ್ ರೇಸಿಗೆ ಇಳಿಯುವುದಾಗಿ ಸಾರಿದರು. ಡ್ರ್ಯಾಗ್ ರೇಸ್ ಎಂದರೆ ರೇಸುಗಳಲ್ಲೆಲ್ಲ ಅತ್ಯಂತ ಸರಳವಾದದ್ದು. ಅತ್ಯಂತ ಪೆದ್ದಾದದ್ದು ಎನ್ನುವವರೂ ಇದ್ದಾರೆ. ನೇರ ರಸ್ತೆ, ತಿರುವಿಲ್ಲ. ಎರಡು ಕಾರು ಪಕ್ಕಪಕ್ಕ ನಿಲ್ಲುತ್ತವೆ. ಕಂಬದ ಮೇಲೆ ಹಳದಿ ದೀಪ ಹತ್ತುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹಸಿರು. ಹೊರಡು, ಕಾಲು ಮೈಲಿ ಓಡು, ಮುಗಿಯಿತು. ಹಸಿರಿಗೆ ಮುಂಚೆ ಗಾಲಿ ಕದಲಿತೋ, ಕೆಂಪು ದೀಪ ಬಿದ್ದು ಅಲ್ಲೇ ಸೋಲು; ಆಮೇಲೆ ನೀನು ಬಿರುಗಾಳಿಯ ಹಾಗೆ ಓಡಿದರೂ ಕೇಳುವವರಿಲ್ಲ. ತುದಿ ಮುಟ್ಟಿದ ಕಾರನ್ನು ನಿಲ್ಲಿಸಲು ಬರೀ ಬ್ರೇಕು ಸಾಲದು. ಅದರ ಬೆನ್ನಿನಿಂದ ಪ್ಯಾರಾಶೂಟ್ ಬಿಚ್ಚಿಕೊಂಡು ಹಿಂದಕ್ಕೆ ಜಗ್ಗಬೇಕು.

ಆ ಪ್ಯಾರಾಶೂಟ್ ಮಡಚುವವಳು ಅಕ್ಕ. ಅಕ್ಕ ಎಂದರೆ ಇಡೀ ಕಂಪನಿಗೆ ಅಕ್ಕ. ಅವಳಿಗಿಂತ ಹಿರಿಯನಾದ ಗೇಟಿನ ಕಾವಲುಗಾರನಿಗೂ ಅಕ್ಕ. ಮೊದಲು ಅವಳು ಸೀಟು ಹೊಲಿಯುವ ವಿಭಾಗದಲ್ಲಿದ್ದಳು. ರೇಸ್ ವಿಭಾಗ ಹುಟ್ಟಿದಾಗ, ಪ್ಯಾರಾಶೂಟಿಗೆ ಯಾರನ್ನು ಹಾಕುವುದು ಎಂಬ ಪ್ರಶ್ನೆ ಎದ್ದು, ಬಟ್ಟೆ ಅಂದ ಮೇಲೆ ಬಟ್ಟೆಯವರೇ ತಾನೆ ಎಂದು ಆಫೀಸಿನವರು ಅವಳನ್ನು ಎತ್ತಿ ಇಲ್ಲಿಗೆ ಹಾಕಿದರು. ಇಂಥ ತೀರ್ಮಾನಗಳು ಒಮ್ಮೊಮ್ಮೆ ಸರಿಹೋಗಿಬಿಡುತ್ತವೆ. ಷೆಡ್ಡಿನ ಒಂದು ಮೂಲೆಯಲ್ಲಿ ಅವಳ ಉದ್ದನೆಯ ಮೇಜು. ಬಟ್ಟೆಗೆ ಸಿಕ್ಕಿಕೊಳ್ಳಬಾರದೆಂದು ಕೈಗಡಿಯಾರ ಬಿಚ್ಚಿಟ್ಟು, ಹಗ್ಗಗಳನ್ನು ಒಂದೊಂದಾಗಿ ಬಿಡಿಸಿ ನೇರ ಮಾಡಿ, ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ, ಒಳಗಿನ ಗಾಳಿಯನ್ನೆಲ್ಲ ಮೊಣಕೈಯಿಂದ ಒತ್ತಿ ತೆಗೆದು, ಚೀಲಕ್ಕೆ ತುಂಬಿ ಪಿನ್ನು ಹಾಕುವಳು. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ಮುಖ ಎತ್ತದೆಯೇ ಬಯ್ಯುವಳು.

ಇಂಜಿನ್ ನೋಡಿಕೊಳ್ಳುವ ಮೇಸ್ತ್ರಿಗೆ ಅವಳು ಮೊದಲ ದಿನವೇ ಹೇಳಿದ್ದಳು: "ನೋಡಪ್ಪಾ, ಹೋಗು ಅನ್ನೋದು ನಿನ್ನ ಇಲಾಖೆ. ಬಾ ಅನ್ನೋದು ನಂದು. ನಿಂದ್ರಲ್ಲಿ ನಾನು ಕೈ ಹಾಕಲ್ಲ, ನಂದ್ರಲ್ಲಿ ನೀನು ಮೂಗು ತೂರಿಸ್ಬೇಡ."

ಮೇಸ್ತ್ರಿ ಒಳ್ಳೆಯ ಕೆಲಸಗಾರ, ಆದರೆ ಎಂಥ ಬಯ್ಗುಳವನ್ನೂ ಇಂಜಿನ್ನಿಗೇ ಹೇಳುವ ಜಾತಿಯವನು. ಅವನು ತಲೆಯಾಡಿಸಿ ಇಂಜಿನ್ನಿನ ಕಡೆ ತಿರುಗಿದ.

ಕಾರು ಓಡಿಸುವವನು ಅಕ್ಕನ ಸ್ವಂತ ತಮ್ಮ. ಇದು ಶಿಫಾರಸಿನಿಂದ ಆದದ್ದಲ್ಲ. ಅವನು ಅದೇ ಕಂಪನಿಯ ಪರೀಕ್ಷಾ ಅಂಗಳದಲ್ಲಿ ಹೊಸ ಕಾರುಗಳನ್ನು ದಿನವಿಡೀ ಉಬ್ಬುಗಳ ಮೇಲೆ ಹತ್ತಿಸಿ ಇಳಿಸುವ ಕೆಲಸ ಮಾಡುತ್ತಿದ್ದ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಅಂಗಳ, ಅವೇ ಉಬ್ಬು, ಆಮೆಯ ವೇಗ. ಮನೆಗೆ ಬಂದರೆ ಅಲುಗಾಡಿಸಿಟ್ಟ ಡಬ್ಬಿಯ ಹಾಗೆ ಕೂತಿರುತ್ತಿದ್ದ; ಏನು ಕೇಳಿದರೂ ಹೂಂ, ಊಹೂಂ. ರೇಸಿಗೆ ನಮ್ಮವರೇ ಬೇಕೆಂದು ಯಜಮಾನರು ಹಟ ಹಿಡಿದು ಕಂಪನಿಯ ಚಾಲಕರನ್ನೆಲ್ಲ ಓಡಿಸಿ ನೋಡಿದಾಗ ಅವನು ಎಲ್ಲರನ್ನೂ ಮೀರಿಸಿದ್ದ. ಅಂದಿನಿಂದ ಅವನ ನಡಿಗೆಯೇ ಬದಲಾಯಿತು. ಅಕ್ಕ ತಮ್ಮ ಇಬ್ಬರೇ ಇರುವ ಆ ಮಹಡಿ ಮನೆಯಲ್ಲಿ ಪಾತ್ರೆ ತೊಳೆಯುವುದು ಅವನ ಪಾಲಿನ ಕೆಲಸ. ಈಗ ತೊಳೆಯುತ್ತ ಸಿಳ್ಳೆ ಹಾಕುತ್ತಿದ್ದ. ಅಪಶ್ರುತಿಯ ಸಿಳ್ಳೆ. ಅಕ್ಕನಿಗೆ ಅದಕ್ಕಿಂತ ಇಂಪಾದದ್ದು ಬೇರೆ ಇರಲಿಲ್ಲ.

ಎಲ್ಲ ಚೆನ್ನಾಗಿತ್ತು, ಗೆಲುವೊಂದು ಬಿಟ್ಟು.

ಸೋಲಿನಲ್ಲಿ ಎರಡು ಬಗೆ. ಕಾರು ನಿಧಾನವಾಗಿದ್ದು ಸೋಲುವುದು ಮರ್ಯಾದೆಯ ಸೋಲು. ಮಾವನ ಗಾಡಿಯದು ಹಾಗಲ್ಲ. ಮೇಸ್ತ್ರಿಯ ಕೈಗುಣದಿಂದ ಆ ಇಂಜಿನ್ ಊರಿಗೆಲ್ಲ ದೊಡ್ಡದಾಗಿತ್ತು. ತುದಿ ಮುಟ್ಟುವ ಹೊತ್ತಿಗೆ ಅದರ ವೇಗದ ಮುಂದೆ ಎದುರಾಳಿಗಳು ನಿಂತ ಹಾಗೆ ಕಾಣುತ್ತಿದ್ದರು. ಆದರೂ ಪ್ರತಿ ಸಲ ಮೂತಿಯಷ್ಟು ಅಂತರದಲ್ಲಿ ಸೋಲು. ಕಾರಣ ಎಲ್ಲರ ಕಣ್ಣೆದುರೇ ಇತ್ತು: ಹಸಿರು ಬಿದ್ದು ಪಕ್ಕದ ಕಾರು ಹಾರಿದ ಮೇಲೆ, ಒಂದು ಉಸಿರಿನಷ್ಟು ತಡೆದು, ಏನೋ ನೆನಪಾದವರ ಹಾಗೆ ನಮ್ಮ ಕಾರು ಹೊರಡುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆದರೆ ಆ ಕಂಪನಿಯಲ್ಲಿ ಕನ್ನಡಿಗೂ ಒಂದು ಸಮಿತಿ ಬೇಕಾಗಿತ್ತು.

ಸಮಿತಿ ಕೂತಿತು. ಕ್ಲಚ್ಚು ಹಿಡಿಯುವುದು ತಡ ಎಂದು ತೀರ್ಮಾನವಾಯಿತು. ಹೊಸ ಕ್ಲಚ್ಚು ಬಂತು, ಅದೂ ತಡಮಾಡಿತು. ಟೈರು ಎಂದರು, ಟೈರು ಬದಲಾಯಿತು. ಬಣ್ಣ ಗಾಳಿಯನ್ನು ಹಿಡಿಯುತ್ತದೆ ಎಂದು ಯಾರೋ ಹೇಳಿ ಕಾರನ್ನು ಕೆರೆದು ತೆಳುವಾಗಿ ಬಳಿದರು. ಮುಂಭಾಗದ ಹಿತ್ತಾಳೆಯ ಲಾಂಛನ ಮೂಗಿಗಿಂತ ಮೂಗುತಿ ಭಾರ ಎನ್ನುವಂತಿದ್ದುದರಿಂದ ಅದನ್ನು ಕಿತ್ತು ಕಾಗದದ್ದು ಅಂಟಿಸಿದರು. ಮೊದಲ ಓಟದಲ್ಲೇ ಅದು ಹಾರಿಹೋಗಿ ಪ್ರೇಕ್ಷಕನೊಬ್ಬನ ಕನ್ನಡಕಕ್ಕೆ ಅಂಟಿತು. ಬೆಲ್ಟಿನ ಗಂಟೆಯನ್ನು ತೆಗೆಯೋಣ ಎಂದು ಮೇಸ್ತ್ರಿ ಕೇಳಿದ. ಸುರಕ್ಷತಾ ವಿಭಾಗದವರು ಎದ್ದು ನಿಂತು, ಗಂಟೆಯಿಲ್ಲದ ಕಾರು ನಮ್ಮದೇ ಅಲ್ಲ ಎಂದುಬಿಟ್ಟರು. ಅದೇ ಸುರಕ್ಷತಾ ವಿಭಾಗದವರು ಮೊದಲೇ ಇನ್ನೊಂದು ನಿಯಮ ಮಾಡಿದ್ದರು. ಚಾಲಕನಿಗೂ ಪ್ಯಾರಾಶೂಟ್ ನೋಡಿಕೊಳ್ಳುವವರಿಗೂ ನಡುವೆ ಪ್ರತ್ಯೇಕ ರೇಡಿಯೋ ಇರಬೇಕು, ಅದರಲ್ಲಿ ಬೇರೆ ಯಾರೂ ತಲೆ ಹಾಕಬಾರದು. ಹಾಗಾಗಿ ತಮ್ಮನ ಹೆಲ್ಮೆಟ್ಟಿನೊಳಗೂ ಅಕ್ಕನ ಕಿವಿಯ ಮೇಲೂ ಒಂದೊಂದು ಯಂತ್ರ ಕೂತಿತ್ತು. ಅದರೊಳಗೆ ಏನು ಮಾತು ನಡೆಯುತ್ತದೆಂದು ಯಾರೂ ಕೇಳಿರಲಿಲ್ಲ, ಯಾರಿಗೂ ಕೇಳಿಸುತ್ತಲೂ ಇರಲಿಲ್ಲ.

ಕೊನೆಗೆ ಯಜಮಾನರ ತಾಳ್ಮೆ ತೀರಿತು. ಷೆಡ್ಡಿಗೇ ಬಂದು, ಕೈ ಹಿಂದೆ ಕಟ್ಟಿಕೊಂಡು, ಕಾರಿನ ಸುತ್ತ ಒಂದು ಸುತ್ತು ಹಾಕಿ ಹೇಳಿದರು: "ಮುಂದಿನ ಪಂದ್ಯದಲ್ಲಿ ಒಂದು ಸುತ್ತು ಗೆಲ್ಲಿ. ಒಂದೇ ಒಂದು. ಇಲ್ಲಾಂದ್ರೆ ಇದಕ್ಕೆ ಬೀಗ. ಕಾರನ್ನ ಷೋರೂಮ್ ಬಾಗಿಲಲ್ಲಿ ನೇತುಹಾಕಿಸ್ತೀನಿ. ನೀವೆಲ್ಲ ನಿಮ್ಮ ನಿಮ್ಮ ಹಳೇ ಜಾಗಕ್ಕೆ ಹೋಗಿ."

ಆ ರಾತ್ರಿ ತಮ್ಮ ಪಾತ್ರೆ ತೊಳೆದ, ಸಿಳ್ಳೆ ಹಾಕಲಿಲ್ಲ. ಅಕ್ಕ ಒಳಗಿನಿಂದ ಕಿವಿ ಕೊಟ್ಟು ಕಾದಳು; ನೀರಿನ ಸದ್ದು ಬಿಟ್ಟರೆ ಇನ್ನೇನಿಲ್ಲ. ತನಗೆ ಸೀಟಿನ ವಿಭಾಗ ಹೊಸದಲ್ಲ, ಮಾವಂದಿರ ಭಾರ ಹೊರುವ ಹೊಲಿಗೆ ತನ್ನ ಕೈಗೆ ಬಾರದ್ದೂ ಅಲ್ಲ. ಆದರೆ ಇವನು ಮತ್ತೆ ಆ ಉಬ್ಬುಗಳ ಅಂಗಳಕ್ಕೆ ಹೋದರೆ ಒಳಗಿಂದೊಳಗೇ ಸತ್ತುಹೋಗುತ್ತಾನೆ ಎಂದು ಅವಳಿಗೆ ಹೆದರಿಕೆಯಾಯಿತು.

ಕಡೆಯ ಪ್ರಯತ್ನವೆಂದು ಹೆಡ್ಡಾಫೀಸಿನವರು ಒಬ್ಬ ಹುಡುಗಿಯನ್ನು ಕಳಿಸಿದರು. ಯಾವಾಗಲೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಇರುತ್ತಿದ್ದುದರಿಂದ ಷೆಡ್ಡಿನವರು ಅವಳನ್ನು ಕಿವಿಯಮ್ಮ ಎಂದರು. ಇಂಜಿನ್ನಿನ ಸದ್ದು, ಗೇರಿನ ಸದ್ದು, ಟೈರಿನ ಸದ್ದು ಎಲ್ಲವನ್ನೂ ಬಿಡಿಸಿ ಕೇಳಿ ದೋಷ ಹೇಳುವುದು ಅವಳ ಓದು. ಅವಳು ಎಲ್ಲ ಕೇಳಿ ಮುಗಿಸಿ, ಇಂಜಿನ್ನಿನಲ್ಲಿ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ, ಉಳಿದಿದ್ದ ಒಂದೇ ಒಂದು ಧ್ವನಿಮುದ್ರಣ ಹಾಕಿಕೊಂಡಳು. ಅದು ಪ್ಯಾರಾಶೂಟಿನ ರೇಡಿಯೋದ್ದು. ಸ್ವಲ್ಪ ಹೊತ್ತು ಕೇಳಿದವಳು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು, ಯಜಮಾನರನ್ನೂ ಕರೆಸಿ, ಎಲ್ಲರಿಗೂ ಕೇಳಿಸುವ ಹಾಗೆ ಜೋರು ಮಾಡಿದಳು.

ಮೊದಲು ಇಂಜಿನ್ನಿನ ಗುಡುಗು. ಹಳದಿ ದೀಪ ಹತ್ತಿದಾಗಿನ ಟಕ್ ಎಂಬ ಶಬ್ದ. ಕೂಡಲೇ ತಮ್ಮನ ಧ್ವನಿ: "ಅಕ್ಕಾ, ಹೋಗ್ಬರ್ತೀನಿ." ಆಮೇಲೆ ಅಕ್ಕನ ಧ್ವನಿ: "ಹೋಗ್ಬಾ ಮರಿ." ಆಮೇಲೆ ಕಾರು ಹೊರಟ ಆರ್ಭಟ.

ಮುಂದಿನ ಓಟ ಹಾಕಿದಳು. ಅಕ್ಕಾ ಹೋಗ್ಬರ್ತೀನಿ. ಹೋಗ್ಬಾ ಮರಿ. ಅದರ ಮುಂದಿನದು. ಹೋಗ್ಬರ್ತೀನಿ. ಹೋಗ್ಬಾ. ಒಂದರಲ್ಲಂತೂ ಅಕ್ಕನಿಗೆ ಸೀನು ಬಂದು ಉತ್ತರ ಕೊಡುವುದು ತಡವಾಗಿತ್ತು. ಆ ಓಟದಲ್ಲಿ ಎಂದಿಗಿಂತ ಹೆಚ್ಚು ಅಂತರದಲ್ಲಿ ಸೋತಿದ್ದರು.

ಮೇಸ್ತ್ರಿ ತಾನು ಕಿತ್ತು ಬಿಸಾಡಿದ ಕ್ಲಚ್ಚುಗಳ ರಾಶಿಯ ಕಡೆ ನೋಡಿದ. ನಿರಪರಾಧಿಗಳನ್ನು ಗಲ್ಲಿಗೇರಿಸಿದವನ ಮುಖ ಅವನದಾಗಿತ್ತು.

"ಏನ್ರೀ ಇದು?" ಎಂದರು ಯಜಮಾನರು.

"ಹೊರಡೋವಾಗ ಹೇಳಿ ಹೊರಡ್ಬೇಕಲ್ವಾ ಸಾರ್?" ಎಂದ ತಮ್ಮ, ನಿಜವಾಗಿ ಅರ್ಥವಾಗದೆ.

"ಹೇಳು. ಹೇಳ್ಕೊಂಡೇ ಹೊರಡು. ಉತ್ತರಕ್ಕೆ ಯಾಕಯ್ಯಾ ಕಾಯ್ತೀಯ?"

"ಉತ್ತರ ಬರದೆ ಹೇಗೆ ಸಾರ್ ಹೋಗೋದು?"

ಅಕ್ಕ ನೆಲ ನೋಡುತ್ತ ನಿಂತಿದ್ದಳು. ಅವಳಿಗೆ ನಾಚಿಕೆಯಾಗಿತ್ತು. ಊರನ್ನೇ ಸೋಲಿಸುವ ಕಾರನ್ನು ಇಷ್ಟು ದಿನ ಹಿಡಿದು ನಿಲ್ಲಿಸಿದ್ದು ತನ್ನ ಬಾಯಿ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುವುದು ತನ್ನನ್ನು ನೋಡಿಯೇ ಹುಟ್ಟಿದ ಮಾತು ಅನ್ನಿಸಿತು. ಆದರೆ ತಮ್ಮ ಯಾಕೆ ಕಾಯುತ್ತಾನೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಅವನು ಚಿಕ್ಕವನಾಗಿದ್ದಾಗ ಒಂದು ಬೆಳಿಗ್ಗೆ, ಹೊಸ ಚಪ್ಪಲಿ ಕೊಡಿಸಲಿಲ್ಲವೆಂದು ಮುನಿಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದ. ಕೆಲಸಕ್ಕೆ ಹೊರಟ ಅಮ್ಮ ಬಾಗಿಲಲ್ಲಿ ನಿಂತು, "ಹೋಗಿ ಬರ್ತೀನೋ ಮರಿ," ಎಂದಳು. ಇವನು ತಿರುಗಲಿಲ್ಲ. "ಹೋಗಿ ಬಾ ಅನ್ನೋ," ಎಂದಳು. ಇವನು ಹೊದಿಕೆ ಎಳೆದುಕೊಂಡ. ಅಮ್ಮ ನಕ್ಕು ಹೋದಳು. ಮಧ್ಯಾಹ್ನ ಕೆಲಸದ ಜಾಗದಲ್ಲೇ ಕುಸಿದು ಬಿದ್ದಳಂತೆ. ಮನೆಗೆ ತಂದದ್ದು ಹೆಣ. ಅವನು ಆ ವಿಷಯ ಒಮ್ಮೆಯೂ ಎತ್ತಲಿಲ್ಲ. ಆದರೆ ಅಂದಿನಿಂದ ಯಾರು ಹೊರಟರೂ ಅಡುಗೆಮನೆಯಿಂದ, ಬಚ್ಚಲಿಂದ, ನಿದ್ದೆಯಿಂದ ಎದ್ದು ಓಡಿಬಂದು ಹೋಗಿ ಬಾ ಎನ್ನುತ್ತಿದ್ದ. ತಾನು ಹೊರಟರೆ ಆ ಮಾತು ಕಿವಿಗೆ ಬೀಳುವವರೆಗೆ ಹೊಸಿಲು ದಾಟುತ್ತಿರಲಿಲ್ಲ.

ಇದನ್ನೆಲ್ಲ ಯಜಮಾನರ ಮುಂದೆ ಹೇಳುವುದಕ್ಕಾಗುತ್ತದೆಯೇ? ಅಕ್ಕ ಹೇಳಲಿಲ್ಲ.

ಕಂಪನಿ ಅದನ್ನು ತನಗೆ ತಿಳಿದ ರೀತಿಯಲ್ಲೇ ತೆಗೆದುಕೊಂಡಿತು. ಹೋಗಿ ಬಾ ಎಂಬುದು ಕಾರಿನ ಒಂದು ಬಿಡಿಭಾಗ, ಅದು ತಡವಾಗಿ ಕೆಲಸ ಮಾಡುತ್ತಿದೆ, ಆದ್ದರಿಂದ ರಿಪೇರಿ ಮಾಡಬೇಕು. ಮೊದಲು ಅಭ್ಯಾಸದ ಓಟವೊಂದರಲ್ಲಿ ಆ ರೇಡಿಯೋವನ್ನೇ ಮುಚ್ಚಿದರು. ಹಸಿರು ಬಿತ್ತು, ಪಕ್ಕದ ಕಾರು ಹೋಗಿ, ಓಟ ಮುಗಿಸಿ, ಆ ತುದಿಯಿಂದ ಎಳೆಸಿಕೊಂಡು ವಾಪಸು ಬಂತು. ನಮ್ಮ ಕಾರು ನಿಂತಲ್ಲೇ ನಿಂತಿತ್ತು. ಒಳಗೆ ತಮ್ಮ, "ಅಕ್ಕಾ? ಅಕ್ಕಾ, ಕೇಳಿಸ್ತಿದ್ಯಾ?" ಎನ್ನುತ್ತಿದ್ದ.

ಬೆಳಿಗ್ಗೆ ಮನೆಯಲ್ಲೇ ಹೇಳಿಸಿ ಮುಗಿಸಿಬಿಡಿ ಎಂದರು. ಮನೆಯಲ್ಲಿ ಹೇಳಿದ, ಉತ್ತರವನ್ನೂ ಪಡೆದ. ಗೆರೆಯ ಮುಂದೆ ಬಂದು ಮತ್ತೆ ಹೇಳಿದ. ಕೇಳಿದರೆ, "ಹೋಗಿ ಬರ್ತೀನಿ ಅಂದ ಮೇಲೆ ಮತ್ತೆ ಒಂದು ಕಡೆ ಕೂತ್ರೆ ಅದು ಲೆಕ್ಕಕ್ಕಿಲ್ಲ ಸಾರ್, ಮತ್ತೆ ಹೇಳ್ಬೇಕು," ಎಂದ. ಇದನ್ನು ಸುಳ್ಳೆನ್ನಲು ಸಮಿತಿಯಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಅವರೆಲ್ಲರ ಮನೆಯಲ್ಲೂ ಅದೇ ನಡೆಯುತ್ತಿತ್ತು.

ಆಮೇಲೆ ಅಕ್ಕನ ಧ್ವನಿಯನ್ನು ಮುದ್ರಿಸಿ, ಹಳದಿ ಹತ್ತುವ ಮೊದಲೇ ಯಂತ್ರದಿಂದ ನುಡಿಸಿದರು. "ಹೋಗ್ಬಾ ಮರಿ," ಎಂದಿತು ಯಂತ್ರ. ತಮ್ಮ ಗಾಬರಿಯಾಗಿ, "ಅಕ್ಕಾ, ನಾನಿನ್ನೂ ಹೇಳೇ ಇಲ್ವಲ್ಲ! ಏನು ನಿನ್ನ ಧ್ವನಿ ಹಿಂಗಾಗಿದೆ? ಶೀತಾನಾ?" ಎಂದು ವಿಚಾರಿಸುತ್ತ ಕೂತ. ಕೊನೆಗೆ ಯಜಮಾನರು, ಕೊಡ್ರೀ ಇಲ್ಲಿ ಎಂದು ಯಂತ್ರವನ್ನು ತಾವೇ ಕಿವಿಗೆ ಹಾಕಿಕೊಂಡು, ಹಳದಿ ಹತ್ತುತ್ತಿದ್ದಂತೆ, "ಹೋಗಿ ಬಾರಯ್ಯಾ!" ಎಂದು ಗುಡುಗಿದರು. ಅದು ಎಲ್ಲಕ್ಕಿಂತ ಕೆಟ್ಟ ಓಟವಾಯಿತು. ಯಜಮಾನರ ಧ್ವನಿ ಕೇಳಿದ ತಮ್ಮ ಸೀಟಿನಲ್ಲೇ ಎದ್ದು ನಿಲ್ಲಲು ಹೋಗಿ ಬೆಲ್ಟಿಗೆ ಸಿಕ್ಕಿಕೊಂಡು, "ನಮಸ್ಕಾರ ಸಾರ್, ಹೋಗಿ ಬರ್ತೀನಿ ಸಾರ್, ತಮ್ಮ ಆಶೀರ್ವಾದ ಸಾರ್," ಎಂದು ಮುಗಿಸುವಷ್ಟರಲ್ಲಿ ಪಕ್ಕದವರು ಗೆದ್ದು ಕೈ ಬೀಸುತ್ತಿದ್ದರು.

ಪಂದ್ಯ ಹತ್ತಿರವಾಯಿತು. ಷೆಡ್ಡಿನಲ್ಲಿ ಮತ್ತೆ ಸಭೆ. ಮೇಸ್ತ್ರಿ ತಲೆ ಮೇಲೆ ಕೈ ಹೊತ್ತು, "ಇವನು ಹೋಗೋದು ಅನ್ನೋದೊಂದು ಇರೋವರೆಗೂ ಹೋಗಿ ಬರ್ತೀನೀನೂ ಇರುತ್ತೆ. ಹೋಗದೆ ರೇಸ್ ಮಾಡೋದು ಹೆಂಗೆ ಅಂತ ಯಾರಾದ್ರೂ ಹೇಳಿ," ಎಂದ. ತಮಾಷೆಗೆ ಹೇಳಿದ್ದಲ್ಲ, ಬೇಸತ್ತು ಹೇಳಿದ್ದು.

ಅಕ್ಕ ಹಗ್ಗ ಬಿಡಿಸುವುದನ್ನು ನಿಲ್ಲಿಸಿದಳು.

"ನಾನು ಈ ತುದೀಲಿ ನಿಂತಿದ್ರೆ ತಾನೆ ಅವನು ಹೋಗೋದು?" ಎಂದಳು. "ನಾನು ಆ ತುದೀಲಿದ್ರೆ ಅವನು ಹೋಗಲ್ಲ. ಬರ್ತಾನೆ."

ಎಲ್ಲರೂ ಅವಳನ್ನೇ ನೋಡಿದರು.

"ಹೆಂಗಿದ್ರೂ ಓಟ ಆದ್ಮೇಲೆ ಪ್ಯಾರಾಶೂಟ್ ಎತ್ಕೊಳ್ಳೋಕೆ ನಾನು ಆ ತುದಿಗೆ ಹೋಗೇ ಹೋಗ್ತೀನಿ. ಸ್ವಲ್ಪ ಮುಂಚೆ ಹೋದ್ರಾಯ್ತು. ಹೋಗಿ ಬರ್ತೀನಿ ಅಂತ ನಾನೇ ಅವನಿಗೆ ಹೇಳ್ತೀನಿ, ಅವನು ಹೋಗಿ ಬಾ ಅನ್ಲಿ. ಅವನಿಗೆ ಹೇಳೋದೇನೂ ಉಳಿಯಲ್ಲ. ಕಾರು ಗೆರೆಗೆ ಬಂದು ನಿಂತಾಗ ನಾನು ಅಲ್ಲಿಂದ ಬಾ ಅಂತೀನಿ. ಅಷ್ಟೇ. ಆಮೇಲೆ ದೀಪ ನೋಡ್ಕೊಂಡು ಹಾಯಾಗಿ ಬರ್ಲಿ."

ಕಿವಿಯಮ್ಮ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದಳು. ಹೆಡ್ಡಾಫೀಸಿಗೆ ಕಳಿಸಿದ ವರದಿಯಲ್ಲಿ ಅದಕ್ಕೆ ಓಟದ ದಿಕ್ಕಿನ ಮರುನಿರೂಪಣೆ ಎಂಬ ಹೆಸರು ಬಿತ್ತು, ಮಂಜೂರಾತಿಯೂ ಬಂತು.

ಅಭ್ಯಾಸಕ್ಕೆ ಮೈದಾನ ಸಿಗಲಿಲ್ಲ. ಷೆಡ್ಡಿನ ಎರಡು ಗೋಡೆಗಳ ಹತ್ತಿರ ಎರಡು ಕುರ್ಚಿ ಹಾಕಿದರು. ಒಂದರಲ್ಲಿ ತಮ್ಮ ಹೆಲ್ಮೆಟ್ ಹಾಕಿಕೊಂಡು ಕೂತ, ಇನ್ನೊಂದರಲ್ಲಿ ಅಕ್ಕ. ನಡುವೆ ಕಿವಿಯಮ್ಮ ಹಳದಿ ರಟ್ಟು, ಹಸಿರು ರಟ್ಟು ಹಿಡಿದು ನಿಂತಳು. ಅಕ್ಕ "ಬಾ" ಎಂದಳು, ತಮ್ಮ ತಲೆಯಾಡಿಸಿದ, ಹಳದಿ ರಟ್ಟು ಎದ್ದಿತು, ಹಸಿರು ರಟ್ಟು ಎದ್ದಿತು, ತಮ್ಮ ಕಾಲು ಒತ್ತಿದ. ಮೇಸ್ತ್ರಿ ಬಾಯಲ್ಲೇ ಬುರ್ರ್ ಎಂದ. ಮತ್ತೆ ಮಾಡಿದರು, ಮತ್ತೆ ಮಾಡಿದರು. ಒಂದು ಸಲವೂ ತಪ್ಪಲಿಲ್ಲ. ಯಜಮಾನರು ಬಂದು ನೋಡಿ, ಕುರ್ಚಿಯೇ ಇಷ್ಟು ಚುರುಕಾಗಿರುವಾಗ ಕಾರು ಇನ್ನೆಷ್ಟಿರಬೇಡ ಎಂದು ಸಂತೋಷಪಟ್ಟರು. ಆ ರಾತ್ರಿ ಮನೆಯಲ್ಲಿ ಪಾತ್ರೆಯ ಸದ್ದಿನ ಜೊತೆ ಸಿಳ್ಳೆಯೂ ಕೇಳಿಸಿತು, ಮೊದಲಿನ ಅಪಶ್ರುತಿಯಲ್ಲೇ.

ಪಂದ್ಯದ ದಿನ, ಕಾರು ಸಾಲಿನಲ್ಲಿ ನಿಂತಿದ್ದಾಗ ಅಕ್ಕ ಅದರ ಹಿಂದೆ ಬಗ್ಗಿ ಪ್ಯಾರಾಶೂಟಿನ ಪಿನ್ನು ಮುಟ್ಟಿ ನೋಡಿ, ಮುಂದೆ ಬಂದು ಕಿಟಕಿಯ ಹತ್ತಿರ ನಿಂತಳು.

"ಬರ್ಲೇನೋ? ಹೋಗಿ ಬರ್ತೀನಿ," ಎಂದಳು.

"ಹೋಗಿ ಬಾ ಅಕ್ಕ," ಎಂದ ತಮ್ಮ. ಆಮೇಲೆ ಕಿಟಕಿಯಿಂದ ಕೈ ಹೊರಗೆ ಹಾಕಿ ಅವಳ ಮೊಣಕೈ ಹಿಡಿದು, "ಹುಷಾರು," ಎಂದೂ ಸೇರಿಸಿದ, ಅಪಾಯಕ್ಕೆ ಹೋಗುವವಳು ಅವಳೇ ಎನ್ನುವ ಹಾಗೆ.

ಓಡಿದ ಕಾರುಗಳನ್ನು ವಾಪಸು ಎಳೆಯುವ ವ್ಯಾನಿನವನು ಅವಳನ್ನು ಆ ತುದಿಗೆ ಕರೆದೊಯ್ದ. ಅಷ್ಟು ದಿನಗಳಲ್ಲಿ ಅವಳು ಓಟವನ್ನು ನೋಡಿದ್ದೆಲ್ಲ ಹಿಂದಿನಿಂದ: ಕಾರಿನ ಬೆನ್ನು, ಹೊಗೆ, ಚಿಕ್ಕದಾಗುತ್ತ ಹೋಗುವ ಚುಕ್ಕೆ. ಈ ತುದಿಯಲ್ಲಿ ಏನೂ ಇರಲಿಲ್ಲ. ನಿಲ್ಲಲಾರದ ಕಾರುಗಳನ್ನು ಹಿಡಿಯಲು ಹಾಸಿದ ಮರಳು, ಅದರಾಚೆ ದಪ್ಪನೆಯ ಬಲೆ, ನೆರಳಿನಲ್ಲಿ ಆಕಳಿಸುತ್ತಿದ್ದ ಬೆಂಕಿ ಆರಿಸುವವನು. ಬಿಸಿಲಿಗೆ ರಸ್ತೆ ನೀರಿನ ಹಾಗೆ ಕುಣಿಯುತ್ತಿತ್ತು. ಆ ನೀರಿನಾಚೆ, ತೀರ ದೂರದಲ್ಲಿ, ಎರಡು ಚುಕ್ಕೆಗಳು ಬಂದು ನಿಂತವು. ದೀಪದ ಕಂಬ ಇಲ್ಲಿಂದ ಕಾಣುತ್ತಲೇ ಇರಲಿಲ್ಲ. ಎಡಗಡೆಯ ಚುಕ್ಕೆ ತನ್ನ ತಮ್ಮ. ಅಂಗೈ ಅಡ್ಡ ಹಿಡಿದು ನೋಡಿದಳು. ಇಷ್ಟು ಚಿಕ್ಕವನಿದ್ದಾನೆ, ಅನ್ನಿಸಿತು. ಅಷ್ಟು ದೂರದಲ್ಲಿ, ಅಷ್ಟು ಸದ್ದಿನ ನಡುವೆ, ಒಬ್ಬನೇ. ಇವನನ್ನು ಕಳಿಸಿ ಕಳಿಸಿ ಅಭ್ಯಾಸವಾಗಿದ್ದ ಅವಳಿಗೆ, ಬರಬೇಕಾದವನ ದಾರಿ ಕಾಯುವುದು ಎಷ್ಟು ಕಷ್ಟ ಎಂಬುದು ಆಗ ತಿಳಿಯಿತು.

ದೀಪ ಕಾಣದ ಆ ತುದಿಗೆಂದು ಅವಳ ಇನ್ನೊಂದು ಕಿವಿಗೆ ಹಾಕಿದ್ದ ಷೆಡ್ಡಿನವರ ಯಂತ್ರದಲ್ಲಿ ಕಿವಿಯಮ್ಮನ ಧ್ವನಿ ಬಂತು: "ಅಕ್ಕ, ನಿಂತಿದೆ. ಹೇಳಿ."

ಷೆಡ್ಡಿನಲ್ಲಿ ಹೇಳಿದ ಹಾಗೆ ಮೆಲ್ಲಗೆ ಬಾ ಎನ್ನಬೇಕಿತ್ತು. ಅದು ಆಗಲಿಲ್ಲ. ಬೀದಿಯ ಆಚೆ ಬದಿಯಲ್ಲಿ ನಿಂತು ಅಳುತ್ತಿರುವ ಮಗುವನ್ನು ಕರೆಯುವ ಹಾಗೆ, ಹೊಕ್ಕುಳಿನಿಂದ ಎದ್ದು ಬಂತು ಆ ಕೂಗು: "ಬಾರೋ ಮರೀ!"

ನಮ್ಮ ಮಾತಿನ ಒಂದು ವಿಚಿತ್ರ ನೋಡಿ. ಬಾ ಎಂದು ಕರೆದರೆ ನಾವು ಬರುತ್ತೇನೆ ಎನ್ನುವುದಿಲ್ಲ. ಕೂತಲ್ಲಿಂದ ಇನ್ನೂ ಎದ್ದಿರುವುದಿಲ್ಲ, ಚಪ್ಪಲಿ ಮೆಟ್ಟಿರುವುದಿಲ್ಲ, ಬಂದೆ ಎಂದುಬಿಡುತ್ತೇವೆ. ಬಂದಾಗಿಹೋಯಿತು, ಇನ್ನು ಬರುವುದೊಂದು ಬಾಕಿ ಎನ್ನುವ ಹಾಗೆ. ಈ ಒಂದು ಸಂಗತಿಯನ್ನು ಮಾತ್ರ ಸಮಿತಿ ಯೋಚಿಸಿರಲಿಲ್ಲ.

"ಬಂದೇ!" ಎಂದ ತಮ್ಮ.

ಎಡಗಡೆಯ ಚುಕ್ಕೆ ಹಾರಿತು. ಬಲಗಡೆಯದು ಇನ್ನೂ ನಿಂತೇ ಇತ್ತು. ಸದ್ದು ಆಮೇಲೆ ಬಂತು, ನೆಲವನ್ನೇ ಹರಿದುಕೊಂಡು. ಚುಕ್ಕೆ ಹೆಬ್ಬೆಟ್ಟಾಯಿತು, ಹೆಬ್ಬೆಟ್ಟು ಕಾರಾಯಿತು, ಅಕ್ಕ ಎದೆ ಹಿಡಿದುಕೊಂಡು ನಿಂತಲ್ಲೇ ನಿಂತಳು. ಗೆರೆ ದಾಟಿದ ಕೂಡಲೇ ಅದರ ಬೆನ್ನಿನಲ್ಲಿ ಪ್ಯಾರಾಶೂಟ್ ಅರಳಿತು. ಒಂದು ಹಗ್ಗವೂ ಸಿಕ್ಕುಬೀಳಲಿಲ್ಲ. ಕಾರು ಏದುಸಿರು ಬಿಡುತ್ತ, ನಿಧಾನವಾಗುತ್ತ ಆಗುತ್ತ, ಮರಳಿಗೆ ಎಷ್ಟೋ ಮುಂಚೆ ಅವಳೆದುರು ಬಂದು ನಿಂತಿತು. ಬಹಳ ಹೊತ್ತಿನ ಮೇಲೆ ಅನ್ನಿಸುವಷ್ಟು ತಡವಾಗಿ ಇನ್ನೊಂದು ಕಾರು ಬಂತು.

ಅಕ್ಕ ಓಡಿದಳು. ಮಂಡಿ ನೋವನ್ನು ಮರೆತು, ಚಪ್ಪಲಿಯೊಂದನ್ನು ರಸ್ತೆಯಲ್ಲೇ ಬಿಟ್ಟು ಓಡಿದಳು. ತಮ್ಮ ಕಿಟಕಿಯಿಂದ ತೂರಿಕೊಂಡು ಹೊರಗೆ ಬಂದು ಹೆಲ್ಮೆಟ್ ತೆಗೆದ. ಕೂದಲು ಬೆವರಿಗೆ ಅಂಟಿತ್ತು, ಮುಖವೆಲ್ಲ ನಗು.

"ಗೆದ್ವಲ್ಲೋ! ಗೆದ್ಬಿಟ್ವಲ್ಲೋ ಮರಿ!" ಅವಳಿಗೆ ಅಳು ಬಂದುಬಿಟ್ಟಿತು.

ಎಳೆಯುವ ವ್ಯಾನಿನವನು ಮುಖ ಆಚೆ ತಿರುಗಿಸಿಕೊಂಡ. ಷೆಡ್ಡಿನವರ ಯಂತ್ರದಲ್ಲಿ ಮೇಸ್ತ್ರಿ ಯಾರನ್ನೋ ಬಯ್ಯುತ್ತಿದ್ದ. ಮೊದಲ ಸಲ ಅದು ಇಂಜಿನ್ನನ್ನಲ್ಲ. ಆಗ ಅಕ್ಕನಿಗೆ ಅನುಮಾನ ಬಂತು.

"ಕೆಂಪು ಬಿತ್ತು ಅಕ್ಕ," ಎಂದ ತಮ್ಮ. "ಹಳದೀನೂ ಹತ್ತಿರ್ಲಿಲ್ಲ."

ಅಕ್ಕ ಅವನ ಭುಜಕ್ಕೆ ಬಾರಿಸಿದಳು. ದಪ್ಪ ಅಂಗಿಯ ಮೇಲೆ ಆ ಪೆಟ್ಟು ಎಷ್ಟರದ್ದು! ಮತ್ತೆ ಬಾರಿಸಿದಳು. "ಸೀಟು ಹೋಯ್ತಲ್ಲೋ ಮುಠ್ಠಾಳ! ನಾಳೆಯಿಂದ ಮತ್ತೆ ಅದೇ ಅಂಗಳ, ಅದೇ ಉಬ್ಬು! ಹಸಿರು ಬರೋ ತನಕ ಒಂದು ಚೂರು ಕಾಯೋಕಾಗ್ಲಿಲ್ವಾ ನಿನಗೆ?"

"ನೀನು ಹಂಗೆ ಕರೆದ್ರೆ ಹಸಿರಿಗೆ ಯಾರು ಕಾಯ್ತಾರೆ ಅಕ್ಕ?"

ಅವಳ ಕೈ ಅಲ್ಲೇ ನಿಂತಿತು. ಅವನಿನ್ನೂ ನಗುತ್ತಿದ್ದ, ಕಣ್ಣಿನಿಂದ ನೀರು ಇಳಿಯುತ್ತಿದ್ದುದು ಅವನಿಗೆ ಗೊತ್ತಿದ್ದ ಹಾಗಿರಲಿಲ್ಲ. ದೂರದಿಂದ ಯಜಮಾನರ ಕಾರು ಇತ್ತಲೇ ಬರುತ್ತಿತ್ತು. ಮಾವನ ಗಾಡಿಯಾದ್ದರಿಂದ ಬಂದು ಮುಟ್ಟಲು ಇನ್ನೂ ಹೊತ್ತಿತ್ತು. ಅಕ್ಕ ಸೆರಗಿನಿಂದ ಮೊದಲು ಅವನ ಮುಖ ಒರೆಸಿದಳು, ಆಮೇಲೆ ತನ್ನದು.

"ಬಂದೆ ಅಕ್ಕ," ಎಂದ ಅವನು ಇನ್ನೊಂದು ಸಲ.

"ಬಂದ್ಯಾ," ಎಂದಳು ಅಕ್ಕ.